ಸೊಪ್ಪಿನ ಕಟ್ಟಿಗೆ ಚೌಕಾಸಿ ಏಕೆ?



ಕಳೆದ ವಾರ ನಿಮ್ಮ ಮನೆಗೆ ಎಷ್ಟು ಕಿಲೋ ಮಾಂಸ ಬಂತು, ಎಷ್ಟು ಮೀನು ಬಂತು ಎಂದು ಕೇಳಿದರೆ ನೀವು ಕೂಡಲೇ ಉತ್ತರ ಹೇಳಬಲ್ಲಿರಿ. ಎಷ್ಟು ತರಕಾರಿ ಬಂತು ಎಂದು ಕೇಳಿದರೆ? ಬಹುಶಃ ಸ್ವಲ್ಪ ಯೋಚಿಸಬೇಕಾದೀತು. ಅದನ್ನು ಯಾರಿಂದ ಕೊಂಡಿರಿ, ಅದನ್ನು ಬೆಳೆದವರು ಯಾರು ಎಂದು ಕೇಳಿದರೆ? ಹೆಚ್ಚಿನವರಲ್ಲಿ ಉತ್ತರವೇ ಇರಲಾರದು.

'ಇದೆಲ್ಲ ಧರ್ಮದ ವಿಷಯವೇ? ಆಹಾರ ಹಲಾಲ್ ಆಗಿದ್ದರೆ ಸಾಲದೇ?' ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಮಾಂಸ ಹಲಾಲ್ ಹೌದೇ ಅಲ್ಲವೇ ಎಂದು ಹತ್ತು ಸಲ ವಿಚಾರಿಸುತ್ತಿದ್ದ ನಾನು ಸೊಪ್ಪಿನ ಬಗ್ಗೆ ಒಮ್ಮೆಯೂ ಏನನ್ನೂ ವಿಚಾರಿಸಿದವನಲ್ಲ. ಸೊಪ್ಪು ಹಲಾಲ್ ಎಂಬುದರಲ್ಲಿ ಸಂದೇಹವೇನೂ ಇಲ್ಲವಷ್ಟೆ. ಆದರೆ ಪವಿತ್ರ ಕುರ್‌ಆನ್ ಭೂಮಿಯಲ್ಲಿರುವ ಹಲಾಲ್ ಹಾಗೂ ಉತ್ತಮವಾದುದನ್ನು ತಿನ್ನಿರಿ ಎಂದು ಎರಡು ಮಾತನ್ನು ಜೊತೆಯಾಗಿ ಹೇಳಿದೆ. ಮೊದಲನೆಯದನ್ನು ನಾವು ಬಾಯಿಪಾಠ ಮಾಡಿಕೊಂಡೆವು, ಎರಡನೆಯದನ್ನು ಮರೆತೆವು. ಆ ಮರೆವಿನ ಕುರಿತೇ ಈ ನಾಲ್ಕು ಮಾತು.

ರೋಗಿಯ ಊಟ

ಕೆಲವು ವರ್ಷಗಳ ಹಿಂದೆ ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ವೈದ್ಯರು ಮಾತ್ರೆ ಬರೆದುಕೊಟ್ಟು, ಅನ್ನ ಕಡಿಮೆ ಮಾಡಿ, ಸೊಪ್ಪು ತರಕಾರಿ ಹೆಚ್ಚು ಮಾಡಿ ಎಂದರು. ತರಕಾರಿಯಲ್ಲಿರುವ ನಾರು ಊಟದ ಸಕ್ಕರೆ ಅಂಶವು ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುತ್ತದೆ ಎಂದು ಬಿಡಿಸಿ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪಾತ್ರೆ ಒಲೆಗೆ ಏರತೊಡಗಿತು. ದೊಡ್ಡ ಪಾತ್ರೆಯಲ್ಲಿ ನಮ್ಮೆಲ್ಲರ ಮಾಂಸದ ಸಾರು, ಸಣ್ಣ ಪಾತ್ರೆಯಲ್ಲಿ ತಾಯಿಯ ಸೊಪ್ಪು.

ಒಂದು ದಿನ ತಾಯಿ ತಮ್ಮ ಬಟ್ಟಲನ್ನು ಹಿಡಿದುಕೊಂಡು ಅಡುಗೆ ಕೋಣೆಯಲ್ಲಿಯೇ ಕುಳಿತರು. ಹೊರಗೆ ಬನ್ನಿ ಎಂದು ಕರೆದರೆ, 'ನೀವು ಹಬ್ಬದ ಊಟ ಮಾಡುವಲ್ಲಿ ಆಸ್ಪತ್ರೆಯ ಊಟ ಯಾಕೆ?' ಎಂದರು. ಅವರು ನಗುತ್ತಲೇ ಹೇಳಿದ ಮಾತು ಅದು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾವು ತರಕಾರಿಯನ್ನು ರೋಗಿಗಳ ಊಟವನ್ನಾಗಿ ಮಾಡಿಬಿಟ್ಟಿದ್ದೇವೆ. ನಮ್ಮ ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ. ಆರೋಗ್ಯವಂತರಿಗೆ ಮಾಂಸ, ಕಾಯಿಲೆಯವರಿಗೆ ಸೊಪ್ಪು! ಹೀಗೆ ಕಲಿತ ಮಗು ನಾಳೆ ತಾನೂ ಕಾಯಿಲೆ ಬೀಳುವವರೆಗೆ ಸೊಪ್ಪನ್ನು ಮುಟ್ಟೀತೇ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು ತಿನ್ನಬೇಕು. ಆಲೂಗಡ್ಡೆ, ಮರಗೆಣಸಿನಂತಹ ಗಡ್ಡೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆರು ಮಂದಿಯ ನಮ್ಮ ಮನೆಗೆ ವಾರಕ್ಕೆ ಸುಮಾರು 17 ಕಿಲೋ ಬೇಕು. ನಾನು ಕೂತು ಲೆಕ್ಕ ಹಾಕಿದೆ. ಬರುತ್ತಿದ್ದುದು ನೀರುಳ್ಳಿ ಟೊಮೆಟೊ ಸೇರಿಸಿ ಐದು ಕಿಲೋ! ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಿ ನೋಡಿ.

ಸೋಮವಾರದ ಸಂತೆಯಲ್ಲಿ

ಹಾಗೆ ನಾನು ಸಂತೆಗೆ ಹೊರಟೆ. ಪುತ್ತೂರಿನ ಸೋಮವಾರದ ಸಂತೆಯನ್ನು ದಕ್ಷಿಣ ಕನ್ನಡದ ಓದುಗರು ಬಲ್ಲರು. ಕಿಲ್ಲೆ ಮೈದಾನದಲ್ಲಿ ನೆರೆಯುವ ಆ ಸಂತೆಗೆ ಘಟ್ಟದ ಮೇಲಿನ ತರಕಾರಿಯೂ ಬರುತ್ತದೆ, ಸುತ್ತಲಿನ ಹಳ್ಳಿಗಳ ಹರಿವೆ, ಬಸಳೆ, ಅಲಸಂದೆ, ಸೌತೆಯೂ ಬರುತ್ತದೆ. ಬೆಳಗಿನ ಮದ್ರಸ ಮುಗಿಸಿ ಹೋದ ನಾನು ಮೊದಲು ಮಾಂಸದ ಅಂಗಡಿಯಲ್ಲಿ ಅರ್ಧ ಕಿಲೋ ಆಡಿನ ಮಾಂಸ ಕೊಂಡು ಕೇಳಿದಷ್ಟು ಹಣ ಕೊಟ್ಟೆ. ಒಂದು ಮಾತೂ ಆಡಲಿಲ್ಲ. ಅನಂತರ ಸಂತೆಯ ಒಂದು ಮೂಲೆಯಲ್ಲಿ ಗೋಣಿ ಹಾಸಿ ಹರಿವೆಯ ಕಟ್ಟುಗಳನ್ನು ಇಟ್ಟುಕೊಂಡಿದ್ದ ಒಬ್ಬ ವೃದ್ಧೆಯ ಮುಂದೆ ನಿಂತೆ. ಕಟ್ಟಿಗೆ 20 ರೂಪಾಯಿ ಎಂದರು. ಎರಡು ಕಟ್ಟಿಗೆ 30 ಕೊಡುತ್ತೇನೆ ಎಂದೆ. ಆಕೆ ಆಕಾಶವನ್ನೊಮ್ಮೆ ನೋಡಿದರು. ಮೋಡ ಕವಿದಿತ್ತು. ಮಳೆ ಬಂದರೆ ಸೊಪ್ಪು ಹಾಗೆಯೇ ಉಳಿದುಬಿಡುತ್ತದೆ. ಏನೂ ಹೇಳದೆ ಎರಡು ಕಟ್ಟು ಎತ್ತಿ ಕೊಟ್ಟರು. ಹತ್ತು ರೂಪಾಯಿ ಉಳಿಸಿದ ಸಂತೋಷದಲ್ಲಿ ನಾನು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮದ್ರಸದಲ್ಲಿ ಒಂದು ಹದೀಸ್‌ನ ಪಾಠವಿತ್ತು. ಹಝ್ರತ್ ಜಾಬಿರ್(ರ) ವರದಿ ಮಾಡಿದ, ಇಮಾಮ್ ಬುಖಾರಿಯವರು ಸಂಗ್ರಹಿಸಿದ ಹದೀಸ್. ಮಾರುವಾಗಲೂ ಕೊಳ್ಳುವಾಗಲೂ ತನ್ನ ಬಾಕಿಯನ್ನು ಕೇಳುವಾಗಲೂ ಸೌಮ್ಯವಾಗಿ ವರ್ತಿಸುವವನಿಗೆ ಪ್ರವಾದಿವರ್ಯರು(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ ಎಂಬುದು ಅದರ ಸಾರ. ಎಷ್ಟೋ ವರ್ಷಗಳಿಂದ ಕಲಿಸುತ್ತಿದ್ದ ಪಾಠ. ಆದರೆ 'ಕೊಳ್ಳುವಾಗಲೂ' ಎಂಬ ಪದಕ್ಕೆ ಬಂದಾಗ ಅಂದು ನನ್ನ ನಾಲಿಗೆ ತಡವರಿಸಿತು. ಮಕ್ಕಳು ಪಾಠ ಮುಂದುವರಿಯಲಿಲ್ಲವೇಕೆಂದು ನನ್ನ ಮುಖ ನೋಡುತ್ತಿದ್ದರು. ಆಕಾಶವನ್ನು ನೋಡಿದ ಆ ಮುಖ ನನ್ನ ಕಣ್ಣ ಮುಂದಿತ್ತು.

ಮುಂದಿನ ಸೋಮವಾರ ಹೋಗಿ ಹತ್ತು ರೂಪಾಯಿ ಚಾಚಿದೆ. ಆಕೆಗೆ ನನ್ನ ನೆನಪೇ ಇರಲಿಲ್ಲ. ವಿಷಯ ಹೇಳಿದರೆ ನಕ್ಕುಬಿಟ್ಟರು. ಸುಮ್ಮನೆ ಹಣ ತೆಗೆದುಕೊಳ್ಳಲು ಒಪ್ಪದೆ ಅದಕ್ಕೆ ಒಂದು ಸಣ್ಣ ಕಟ್ಟು ಸೊಪ್ಪನ್ನು ನನ್ನ ಚೀಲಕ್ಕೆ ಹಾಕಿದರು. ಅಂದು ಸ್ವಲ್ಪ ಹೊತ್ತು ನಿಂತು ಮಾತಾಡಿದೆ. ಬೀಜ ಬಿತ್ತಿ ಸುಮಾರು ಒಂದು ತಿಂಗಳಿಗೆ ಹರಿವೆ ಕೀಳಲು ಬರುತ್ತದೆ. ಅಷ್ಟು ದಿನವೂ ನೀರು ಹಾಯಿಸಬೇಕು, ಕಳೆ ಕೀಳಬೇಕು. ಸಂತೆಯ ಹಿಂದಿನ ಸಂಜೆ ಕಿತ್ತು, ಬೇರಿನ ಮಣ್ಣು ತೊಳೆದು, ಬಾಳೆನಾರಿನಿಂದ ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ತರಬೇಕು. ಆಕೆ ತರುತ್ತಿದ್ದುದು 40 ಕಟ್ಟು. ಕಟ್ಟಿಗೆ ಐದು ರೂಪಾಯಿಯಂತೆ ಎಲ್ಲ ಗಿರಾಕಿಗಳೂ ಕಡಿಮೆ ಮಾಡಿಸಿದರೆ 800 ರೂಪಾಯಿಯಲ್ಲಿ 200 ಹೋಯಿತು. ನನ್ನ ಪಾಲಿಗೆ ಅದು ಐದು ರೂಪಾಯಿಯ ಜಾಣತನ, ಆಕೆಯ ಪಾಲಿಗೆ ನಾಲ್ಕರಲ್ಲೊಂದು ಭಾಗ ದುಡಿಮೆ!

ಚೌಕಾಸಿ ನಿಷಿದ್ಧವೇ?

ಇಲ್ಲ, ಚೌಕಾಸಿ ಹರಾಮ್ ಅಲ್ಲ. ಪ್ರವಾದಿವರ್ಯರೇ(ಸ) ಹಝ್ರತ್ ಜಾಬಿರ್‌ರ(ರ) ಒಂಟೆಗೆ ಬೆಲೆ ಮಾತಾಡಿದ್ದರು. ಆದರೆ ಆ ಘಟನೆ ಹೇಗೆ ಮುಗಿಯಿತು? ಮದೀನ ತಲುಪಿದ ಮೇಲೆ ಒಪ್ಪಿದ ಬೆಲೆಯನ್ನು ಕೊಟ್ಟು, ಅದಕ್ಕಿಂತ ಹೆಚ್ಚನ್ನೂ ಕೊಟ್ಟು, ಒಂಟೆಯನ್ನೂ ಅವರಿಗೇ ಮರಳಿಸಿದರು. ಜಾಬಿರ್(ರ) ಸಾಲದಲ್ಲಿದ್ದ ಯುವಕ. ಪ್ರವಾದಿವರ್ಯರ(ಸ) ಚೌಕಾಸಿಯಲ್ಲಿ ಗೆದ್ದವರು ಮಾರಿದವರೇ!

ಆದುದರಿಂದ ಪ್ರಶ್ನೆ ಚೌಕಾಸಿ ಮಾಡಬಹುದೇ ಎಂಬುದಲ್ಲ, ಯಾರೊಡನೆ ಎಂಬುದು. ಬೆಲೆಯ ಹಲಗೆ ತೂಗುಹಾಕಿದ ದೊಡ್ಡ ಅಂಗಡಿಯಲ್ಲಿ ನಾವು ಬಾಯಿ ತೆರೆಯುವುದಿಲ್ಲ. ನೆಲದ ಮೇಲೆ ಕುಳಿತವರ ಮುಂದೆ ಮಾತ್ರ ನಮ್ಮ ನಾಲಿಗೆ ಹರಿತವಾಗುತ್ತದೆ. ಸಂಜೆಯಾಗುತ್ತಿದೆ, ಉಳಿದರೆ ಬಾಡುತ್ತದೆ, ಬಸ್ಸು ಹೊರಡುತ್ತದೆ ಎಂಬ ಅವರ ಅಸಹಾಯಕತೆಯೇ ನಮ್ಮ ಬಂಡವಾಳ. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ 'ಅಲ್ ಮುತಫ್ಫಿಫೀನ್' ಅಧ್ಯಾಯವನ್ನು ನಾವು ವ್ಯಾಪಾರಿಗಳಿಗಷ್ಟೇ ಅನ್ವಯಿಸುತ್ತೇವೆ. ತಾವು ಪಡೆಯುವಾಗ ಪೂರ್ತಿಯಾಗಿ ಪಡೆದು, ಕೊಡುವಾಗ ಕಡಿಮೆ ಕೊಡುವವರು ಎಂಬುದು ಅಲ್ಲಿನ ವರ್ಣನೆ. ತೂಕ ಸರಿಯಾಗಿರಬೇಕು, ಮೇಲೆ ಒಂದು ಹಿಡಿ ಹೆಚ್ಚು ಹಾಕಬೇಕು, ಹಣ ಮಾತ್ರ ಕಡಿಮೆ ಎನ್ನುವ ಗಿರಾಕಿ ಈ ಕನ್ನಡಿಯಲ್ಲಿ ತನ್ನ ಮುಖವನ್ನೂ ನೋಡಿಕೊಳ್ಳಬಾರದೇ?

ನಿಜ, ಕೊಳ್ಳುವವರೂ ಬಡವರಿರಬಹುದು. ದಿನಗೂಲಿಯ ತಾಯಿಯೊಬ್ಬಳು ಮಕ್ಕಳಿಗಾಗಿ ಎರಡು ರೂಪಾಯಿ ಕಡಿಮೆ ಕೇಳಿದರೆ ಅದರಲ್ಲಿ ತಪ್ಪಿಲ್ಲ. ನಾನು ಮಾತಾಡುತ್ತಿರುವುದು ಕೊಡಲು ಶಕ್ತಿಯಿದ್ದೂ ಕೊಡದ ನಮ್ಮಂತಹವರ ಬಗ್ಗೆ.

ಹಳ್ಳಿಗ ಮತ್ತು ಪಟ್ಟಣಿಗ

ಬೆಳೆದವನೇ ಮಾರುಕಟ್ಟೆಗೆ ಬಂದು ತನ್ನ ವಸ್ತುವನ್ನು ಮಾರಬೇಕು ಎಂಬುದಕ್ಕೆ ಇಸ್ಲಾಮ್ ಎಷ್ಟು ಮಹತ್ವ ಕೊಟ್ಟಿದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಸರಕು ಹೊತ್ತು ಬರುವವರನ್ನು ಪಟ್ಟಣದ ಹೊರಗೇ ತಡೆದು, ಮಾರುಕಟ್ಟೆಯ ಬೆಲೆ ಅವರಿಗೆ ತಿಳಿಯುವ ಮೊದಲೇ ಕೊಂಡುಬಿಡುವುದನ್ನು ಪ್ರವಾದಿವರ್ಯರು(ಸ) ತಡೆದರು. ಮರುಭೂಮಿಯ ಹಳ್ಳಿಗನ ಪರವಾಗಿ ಪಟ್ಟಣಿಗನು ಮಾರುವುದನ್ನೂ ತಡೆದರು. ಅವನಿಗೆ ದಲ್ಲಾಳಿಯಾಗಬಾರದು ಎಂಬುದೇ ಇದರ ಅರ್ಥವೆಂದು ಹಝ್ರತ್ ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಜನರನ್ನು ಅವರ ಪಾಡಿಗೆ ಬಿಟ್ಟರೆ ಅಲ್ಲಾಹನು ಕೆಲವರ ಮೂಲಕ ಕೆಲವರಿಗೆ ಅನ್ನಾಧಾರ ಒದಗಿಸುತ್ತಾನೆ ಎಂಬುದು ಅಲ್ಲಿನ ಬೋಧನೆ.

ಇಂದಿನ ಸ್ಥಿತಿ ಏನು? ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಗಿರಾಕಿ ಕೊಡುವ 100 ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಿಗುವುದು ಸುಮಾರು 33, ನೀರುಳ್ಳಿ ಬೆಳೆದವನಿಗೆ 36, ಆಲೂಗಡ್ಡೆ ಬೆಳೆದವನಿಗೆ 37 ರೂಪಾಯಿ. ಉಳಿದುದು ಸಾಗಾಟ, ಕೊಳೆತು ಹೋಗುವ ನಷ್ಟ ಮತ್ತು ನಡುವಿನ ಕೈಗಳ ಪಾಲು. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ ನಾವೆಲ್ಲ ಗೊಣಗಿದೆವು. ಬೆಲೆ ಕುಸಿದು ರೈತರು ಟೊಮೆಟೊವನ್ನು ರಸ್ತೆಗೆ ಸುರಿಯುವ ದಿನಗಳಲ್ಲಿ ನಾವು ಗೊಣಗುವುದಿಲ್ಲ.

ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನಗಳು ನಮ್ಮ ದೇಶದಲ್ಲಿ ಹೊಸತಲ್ಲ. ಬೆಂಗಳೂರಿನಲ್ಲಿ ಹಾಪ್‌ಕಾಮ್ಸ್ ಎಂದು ಹೆಸರಾಗಿರುವ ತೋಟಗಾರರ ಸಹಕಾರ ಸಂಘವು 1959ರಲ್ಲಿಯೇ ಡಾ. ಎಂ.ಎಚ್. ಮರಿಗೌಡರ ಶ್ರಮದಿಂದ ಹುಟ್ಟಿಕೊಂಡಿತು. ಪಂಜಾಬಿನಲ್ಲಿ 1987ರಲ್ಲಿ 'ಅಪ್ನಿ ಮಂಡಿ', ಆಂಧ್ರದಲ್ಲಿ 1999ರ ಜನವರಿಯಲ್ಲಿ 'ರೈತು ಬಜಾರ್', ಅದೇ ವರ್ಷದ ನವೆಂಬರ್‌ನಲ್ಲಿ ತಮಿಳುನಾಡಿನ ಮಧುರೆಯಲ್ಲಿ 'ಉಳವರ್ ಸಂದೈ' ಆರಂಭವಾದವು. ಬೆಳೆದವರೇ ಮಾರಲಿ, ತಿನ್ನುವವರೇ ಕೊಳ್ಳಲಿ ಎಂಬುದೇ ಇವುಗಳ ಆಶಯ. ನಮ್ಮ ವಾರದ ಸಂತೆಗಳಿಗಂತೂ ಯಾವ ಸರಕಾರದ ಆದೇಶವೂ ಬೇಕಾಗಿರಲಿಲ್ಲ. ಅವು ನಮ್ಮ ಅಜ್ಜಂದಿರ ಕಾಲದಿಂದಲೂ ಇವೆ.

ಝಾಹಿರ್ ಎಂಬ ಸಹಾಬಿಯ ಪ್ರಸಂಗವನ್ನು ಇಮಾಮ್ ತಿರ್ಮಿದಿಯವರು 'ಶಮಾಇಲ್'ನಲ್ಲಿ ದಾಖಲಿಸಿದ್ದಾರೆ. ಅವರು ಮರುಭೂಮಿಯ ಹಳ್ಳಿಗ. ರೂಪವಂತರೂ ಅಲ್ಲ. ಹಳ್ಳಿಯಿಂದ ಪ್ರವಾದಿವರ್ಯರಿಗೆ(ಸ) ಉಡುಗೊರೆ ತರುತ್ತಿದ್ದರು. ಹಿಂದಿರುಗುವಾಗ ಪ್ರವಾದಿವರ್ಯರು(ಸ) ಅವರಿಗೆ ಬೇಕಾದುದನ್ನು ಕೊಟ್ಟು ಕಳುಹಿಸುತ್ತಿದ್ದರು. ಝಾಹಿರ್ ತಮ್ಮ ಹಳ್ಳಿ, ತಾವು ಝಾಹಿರ್‌ರ ಪಟ್ಟಣ ಎನ್ನುತ್ತಿದ್ದರು. ಒಮ್ಮೆ ಝಾಹಿರ್(ರ) ಮಾರುಕಟ್ಟೆಯಲ್ಲಿ ತಮ್ಮ ಸರಕು ಮಾರುತ್ತಿದ್ದಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅಪ್ಪಿಕೊಂಡು, ಈ ದಾಸನನ್ನು ಯಾರು ಕೊಳ್ಳುತ್ತೀರಿ ಎಂದು ತಮಾಷೆ ಮಾಡಿದರು. ತನ್ನನ್ನು ಮಾರಿದರೆ ಬೆಲೆಯೇ ಸಿಗದು ಎಂದರು ಝಾಹಿರ್. ಅಲ್ಲಾಹನ ಬಳಿ ನೀವು ಅಗ್ಗದವರಲ್ಲ ಎಂದರು ಪ್ರವಾದಿವರ್ಯರು(ಸ).

ಓದುಗರೇ, ಬಿಸಿಲಿನಲ್ಲಿ ನಿಂತು ಮಾರುವ ಒಬ್ಬ ಹಳ್ಳಿಗನಿಗೆ ಸಿಕ್ಕಿದ ಗೌರವ ಇದು! ನಮ್ಮ ಸಂತೆಯಲ್ಲಿ ಗೋಣಿಯ ಮೇಲೆ ಕುಳಿತವರು ಯಾವ ಧರ್ಮದವರೇ ಆಗಿರಲಿ, ಅವರನ್ನು ಅಗ್ಗದವರೆಂದು ತಿಳಿಯುವ ಅಧಿಕಾರ ನಮಗೆ ಯಾರು ಕೊಟ್ಟರು? ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ದಾನ ಎಂದು ಹದೀಸ್ ಹೇಳುತ್ತದೆ. ಬೆಳೆಯುವ ಕೆಲಸಕ್ಕೆ ಇಷ್ಟು ಬೆಲೆ ಕೊಟ್ಟ ಧರ್ಮದ ಅನುಯಾಯಿಗಳು ಬೆಳೆದವರಿಗೆ ಬೆಲೆ ಕೊಡದಿರುವುದು ಎಂತಹ ವಿಪರ್ಯಾಸ!

ಒಂದು ಶುಕ್ರವಾರದ ಊಟ

ಬುಖಾರಿಯಲ್ಲಿ ಹಝ್ರತ್ ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಇನ್ನೊಂದು ಘಟನೆಯಿದೆ. ಮದೀನದ ಒಬ್ಬ ಮಹಿಳೆ ತನ್ನ ಹೊಲದ ಕಾಲುವೆಯ ಅಂಚಿನಲ್ಲಿ ಸಿಲ್ಕ್ ಎಂಬ ಸೊಪ್ಪನ್ನು ಬೆಳೆಸುತ್ತಿದ್ದರು. ಅದು ನಮ್ಮ ಬೀಟ್‌ರೂಟ್ ಜಾತಿಯ ಗಿಡ. ಶುಕ್ರವಾರ ಅದರ ಬೇರುಗಳನ್ನು ಕಿತ್ತು ಪಾತ್ರೆಗೆ ಹಾಕಿ, ಮೇಲೆ ಒಂದು ಹಿಡಿ ಬಾರ್ಲಿಯ ಹಿಟ್ಟು ಸೇರಿಸಿ ಬೇಯಿಸುತ್ತಿದ್ದರು. ಅದರಲ್ಲಿ ಕೊಬ್ಬಿರಲಿಲ್ಲ, ಮಾಂಸದ ಸ್ಥಾನದಲ್ಲಿ ಆ ಬೇರುಗಳೇ ಇದ್ದವು. ಜುಮುಅ ನಮಾಝ್ ಮುಗಿಸಿ ಸಹಾಬಿಗಳು ಆಕೆಯ ಮನೆಗೆ ಹೋಗಿ ಸಲಾಮ್ ಹೇಳಿ ಅದನ್ನು ಉಣ್ಣುತ್ತಿದ್ದರು. ಆ ಊಟಕ್ಕಾಗಿಯೇ ಅವರು ಶುಕ್ರವಾರವನ್ನು ಎದುರು ನೋಡುತ್ತಿದ್ದರಂತೆ!

ನಮ್ಮ ಶುಕ್ರವಾರವನ್ನು ನೆನೆಯಿರಿ. ಬಿರಿಯಾನಿ ಇಲ್ಲದಿದ್ದರೆ ಮುಖ ಬಾಡುವ ಮಕ್ಕಳು, ಮದುವೆ ಮನೆಯಲ್ಲಿ ತರಕಾರಿಯ ಪಾತ್ರೆಯನ್ನು ದಾಟಿ ಮುಂದೆ ಹೋಗುವ ಹಿರಿಯರು. ಮಾಂಸ ಹಲಾಲ್, ಅಲ್ಲಾಹನ ಅನುಗ್ರಹ, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಮ್ಮೆ ಆಸೆಯಾಯಿತೆಂದು ಮಾಂಸ ಕೊಂಡು ಹೋಗುತ್ತಿದ್ದ ಜಾಬಿರ್‌ರನ್ನು(ರ) ತಡೆದು, ನೆರೆಯವರನ್ನೂ ಬಂಧುಗಳನ್ನೂ ಬಿಟ್ಟು ನಿಮ್ಮ ಹೊಟ್ಟೆಯನ್ನಷ್ಟೇ ತುಂಬಿಸಿಕೊಳ್ಳುತ್ತೀರಾ ಎಂಬರ್ಥದ ಮಾತನ್ನು ಹಝ್ರತ್ ಉಮರ್(ರ) ಕೇಳಿದ್ದು ಇಮಾಮ್ ಮಾಲಿಕ್‌ರ 'ಮುವತ್ತಾ'ದಲ್ಲಿದೆ. ಆಸೆಯಾದುದನ್ನೆಲ್ಲ ಕೊಳ್ಳುವುದೇ ಸುಖವಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ.

'ಬನೂ ಇಸ್ರಾಈಲರು ಸೊಪ್ಪು, ಸೌತೆ, ನೀರುಳ್ಳಿ ಬೇಡಿದ್ದಕ್ಕೆ ಗದರಿಕೆಗೆ ಒಳಗಾಗಲಿಲ್ಲವೇ?' ಎಂದು ಒಬ್ಬ ಮಿತ್ರರು ನನ್ನನ್ನು ಕೇಳಿದರು. ಗದರಿಕೆ ಸೊಪ್ಪಿಗೆ ಅಲ್ಲ, ಕೊಟ್ಟುದರಲ್ಲಿ ತೃಪ್ತಿಪಡದ ಕೃತಘ್ನತೆಗೆ. ಮನುಷ್ಯನು ತನ್ನ ಆಹಾರದ ಕಡೆಗೆ ನೋಡಲಿ ಎಂದು 'ಅಬಸ' ಅಧ್ಯಾಯದಲ್ಲಿ ಹೇಳಿದ ಅಲ್ಲಾಹನು ಮಳೆ, ಸೀಳುವ ಭೂಮಿ, ಧಾನ್ಯ, ಸೊಪ್ಪು, ಹಣ್ಣುಗಳನ್ನೇ ತನ್ನ ಅನುಗ್ರಹವೆಂದು ಎಣಿಸಿದ್ದಾನೆ. ಅವರು ಮಾಂಸ ಸಿಕ್ಕಾಗ ಸೊಪ್ಪು ಬೇಡಿದರು, ನಾವು ಸೊಪ್ಪು ಸಿಕ್ಕಾಗ ಮಾಂಸ ಬೇಡುತ್ತೇವೆ. ಕಾಯಿಲೆ ಒಂದೇ ಅಲ್ಲವೇ?

ನಾವೇನು ಮಾಡಬಹುದು?

ಮನೆಯಲ್ಲಿ ತರಕಾರಿಗೆ ಗೌರವವಿಲ್ಲದಿರುವುದೂ ಸಂತೆಯಲ್ಲಿ ಅದನ್ನು ಬೆಳೆದವರಿಗೆ ಬೆಲೆ ಸಿಗದಿರುವುದೂ ಒಂದೇ ರೋಗದ ಎರಡು ಮುಖ. ಆದುದರಿಂದ ಮದ್ದೂ ಒಂದೇ. ವಾರಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಸಂತೆಗೆ ಹೋಗಿ. ಅಲ್ಲಿ ಕುಳಿತವರೆಲ್ಲ ಬೆಳೆದವರಲ್ಲ. ಸಗಟು ಕೊಂಡು ಮಾರುವವರೂ ಇದ್ದಾರೆ. ಅವರ ಸಂಪಾದನೆಯೂ ಹಲಾಲ್, ಅವರನ್ನು ಹೀಗಳೆಯಬೇಡಿ. ಆದರೆ ಒಂದೆರಡು ಬಗೆಯ ಸಣ್ಣ ರಾಶಿ, ಬೇರಿನಲ್ಲಿ ಉಳಿದ ಮಣ್ಣು, ಒಂದೇ ಗಾತ್ರವಿಲ್ಲದ ಕಾಯಿ ಕಂಡರೆ ಅಲ್ಲಿ ಬೆಳೆದವರೇ ಇರುವುದು ಹೆಚ್ಚು. ಕೇಳಿ ತಿಳಿದುಕೊಳ್ಳಿ. ಕೇಳಿದ ಬೆಲೆ ನ್ಯಾಯವೆಂದು ಕಂಡರೆ ಹಾಗೆಯೇ ಕೊಡಿ. ಮಗುವಿನ ಕೈಯಿಂದ ಕೊಡಿಸಿ, ಮಗುವೇ ಒಂದು ತರಕಾರಿಯನ್ನು ಆರಿಸಲಿ.

ತಂದುದನ್ನು ಹಾಳು ಮಾಡುವುದು ದುಂದುವೆಚ್ಚ. ಸೊಪ್ಪನ್ನು ಮೊದಲ ಎರಡು ದಿನಗಳಲ್ಲಿ, ಬೆಂಡೆ ತೊಂಡೆಗಳನ್ನು ಅನಂತರ, ಸೋರೆ ಕುಂಬಳಗಳನ್ನು ವಾರದ ಕೊನೆಗೆ ಬಳಸಿ. ನಮ್ಮ ಸೌತೆಕಾಯಿಯನ್ನು ಹಿರಿಯರು ಅಟ್ಟದ ಕೆಳಗೆ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಿದ್ದರು. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ಅದರ ಸತ್ವವನ್ನೂ ಚೆಲ್ಲಿದಂತೆ. ಮಾಂಸ ಬೇಕೆನ್ನುವ ಮನೆಯಲ್ಲಿ ಅದನ್ನು ಅರ್ಧಕ್ಕಿಳಿಸಿ ಸೋರೆಕಾಯಿಯ ದಾಲ್ಚ ಮಾಡಿ. ಬಸಳೆಗೆ ಒಂದು ಹಿಡಿ ಒಣಸಿಗಡಿ ಸೇರಿಸಿ. ದರ್ಜಿಯೊಬ್ಬರ ಮನೆಯ ಔತಣದಲ್ಲಿ ಒಣಮಾಂಸ ಮತ್ತು ಸೋರೆಕಾಯಿಯ ಸಾರು ಬಂದಾಗ ಪ್ರವಾದಿವರ್ಯರು(ಸ) ಬಟ್ಟಲಿನ ಸುತ್ತಲೂ ಸೋರೆಯ ಹೋಳುಗಳನ್ನು ಹುಡುಕುತ್ತಿದ್ದುದನ್ನು ಹಝ್ರತ್ ಅನಸ್(ರ) ಕಂಡರು. ಅಂದಿನಿಂದ ಸೋರೆಯನ್ನು ತಾವೂ ಪ್ರೀತಿಸತೊಡಗಿದರು. ಗಮನಿಸಿ, ಅಲ್ಲಿ ಯಾರೂ ಅನಸ್‌ರಿಗೆ(ರ) ಸೋರೆ ತಿನ್ನೆಂದು ಉಪದೇಶಿಸಲಿಲ್ಲ. ತಾನು ಪ್ರೀತಿಸುವವರು ತಿನ್ನುವುದನ್ನು ಆ ಹುಡುಗ ಕಂಡ, ಅಷ್ಟೆ. ತಂದೆಯಂದಿರೇ, ನಿಮ್ಮ ಬಟ್ಟಲನ್ನು ನಿಮ್ಮ ಮಕ್ಕಳು ನೋಡುತ್ತಿದ್ದಾರೆ!

ಈಗ ನಮ್ಮ ಮನೆಯಲ್ಲಿ ಒಂದೇ ಪಾತ್ರೆ ಒಲೆಗೇರುತ್ತದೆ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಕಿರಿಯ ಮಗ ಇನ್ನೂ ಹಾಗಲಕಾಯಿಯನ್ನು ಬಟ್ಟಲಿನ ಅಂಚಿಗೆ ಸರಿಸುತ್ತಾನೆ. ವಾರಕ್ಕೆ 17 ಕಿಲೋ ಇನ್ನೂ ಮುಟ್ಟಿಲ್ಲ, 11 ಆಗಿದೆ. ಆದರೆ ತಾಯಿ ಹೊರಗೆ ಬಂದು ನಮ್ಮೊಂದಿಗೆ ಕುಳಿತು ಉಣ್ಣುತ್ತಾರೆ. ಸೋಮವಾರ ಸಂಜೆ ಚೀಲ ಬಿಚ್ಚಿದೊಡನೆ, 'ಅವರ ಸೊಪ್ಪು ಇವತ್ತು ಎಲ್ಲ ಮಾರಿ ಹೋಯಿತಾ?' ಎಂದು ತಾವು ಒಮ್ಮೆಯೂ ಕಾಣದ ಆ ವೃದ್ಧೆಯ ಬಗ್ಗೆ ವಿಚಾರಿಸುತ್ತಾರೆ.

ನಾಳೆ ಅಲ್ಲಾಹನ ಮುಂದೆ ಅನುಗ್ರಹಗಳ ಬಗ್ಗೆ ನಮ್ಮನ್ನು ಖಂಡಿತ ಪ್ರಶ್ನಿಸಲಾಗುವುದು. ದೊಡ್ಡ ದೊಡ್ಡ ಲೆಕ್ಕಗಳ ನಡುವೆ ಒಂದು ಸೊಪ್ಪಿನ ಕಟ್ಟಿನ ಲೆಕ್ಕವೂ ಬಂದೀತು. ಅದನ್ನು ತಿಂದೆಯಾ, ಬೆಳೆದವರಿಗೆ ಅವರ ಹಕ್ಕನ್ನು ಕೊಟ್ಟೆಯಾ ಎಂಬ ಪ್ರಶ್ನೆಗೆ ಇಂದೇ ಉತ್ತರ ಸಿದ್ಧಪಡಿಸಿಕೊಳ್ಳೋಣ. ಮುಂದಿನ ಸಂತೆಯ ದಿನ ದೂರವಿಲ್ಲ. ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.